ಕರಡಿ ಕಾಡಿಗೆ ಹೋಗೋರಿಗೆ ಕೋವಿ ಬೇಕಾ?

ರಜಾ ಹತ್ರ ಬಂತು ಅಂದ್ರೆ ಇದೇ ಪ್ರಶ್ನೆ, ಪ್ರತಿ ವರ್ಷ. ಒಂದೇ ಸಲ ಹೇಳ್ಬಿಡ್ತೀನಿ, ಮತ್ತೆ ಕೇಳ್ಬೇಡಿ.

ಪ್ರಶ್ನೆ: ಮಗ ಅಮೆರಿಕದಲ್ಲಿದ್ದಾನೆ, ಜೂನಲ್ಲಿ ಅಲ್ಲಿನ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕಿಗೆ ಟ್ರೆಕ್ಕಿಂಗ್ ಹೋಗ್ತಿದೀವಿ. ನಾನು ಎನ್‌ಸಿಸಿಲಿ ರೈಫಲ್ ಹೊಡೆದವನು. ಅವನ ಗನ್ ನನ್ ಹತ್ರ ಇದ್ರೆ ಧೈರ್ಯ ಅಲ್ವಾ? (ಸರಸ್ವತಿಪುರಂ)

ಉತ್ತರ: ಸ್ವಾಮಿ, ನೀವು ಹೊಡೆದಿದ್ದು ಮಲ್ಕೊಂಡು, ಅಲ್ಲಾಡ್ದೆ ನಿಂತಿರೋ ಕಾಗದಕ್ಕೆ. ಅಲ್ಲಿನ ಗ್ರಿಜ್ಲಿ ಕರಡಿ ಗಂಟೆಗೆ 50 ಕಿಲೋಮೀಟರ್ ಮೇಲೇ ಓಡುತ್ತೆ, 30 ಮೀಟರ್ ಆಚೆ ಪೊದೆಯಿಂದ ಎದ್ರೆ ನಿಮಗೆ ಸಿಗೋದು ಎರಡು ಸೆಕೆಂಡು, ಅಷ್ಟರಲ್ಲಿ ಬ್ಯಾಗ್ ಜಿಪ್ಪೂ ತೆಗೆಯಕ್ಕಾಗಲ್ಲ, ಗುಂಡು ಎಲ್ಲೋ ತಗುಲಿ ಗಾಯ ಆಯ್ತು ಅಂದ್ರೆ ಇನ್ನೂ ಫಜೀತಿ. ಅದೂ ಅಲ್ದೆ ಟೂರಿಸ್ಟ್ ವೀಸಾದವರು ಅಲ್ಲಿ ಗನ್ ಇಟ್ಕೊಳ್ಳೋದೇ ಅಪರಾಧ, ಬೇಟೆ ಲೈಸೆನ್ಸ್ ತರದ ಒಂದೆರಡು ವಿನಾಯಿತಿ ಬಿಟ್ರೆ. ಮಗಂದು ಅಂದ್ರೂ ನಡೆಯಲ್ಲ. 2010ರಿಂದ ಪಾರ್ಕೊಳಗೆ ಗನ್ ತರೋಕೆ ಬಿಟ್ಟವ್ರೆ ನಿಜ, ಆದ್ರೆ ಯೆಲ್ಲೋಸ್ಟೋನಲ್ಲಿ ಹಾರಿಸೋದು ನಿಷೇಧ. ಮಗ ತಂದೇ ತರ್ತೀನಿ ಅಂದ್ರೆ ಎದೆ ಮೇಲೋ ಸೊಂಟದಲ್ಲೋ ಹೋಲ್‌ಸ್ಟರಲ್ಲಿ ಇರ್ಲಿ, ಟೆಂಟಲ್ಲಿ ತಲೆದಿಂಬಿನ ಕೆಳಗೆ ಇಟ್ಕೊಂಡು ಮಲಗೋ ಶೋಕಿ ಬೇಡ.

ನೀವು ಬೇರ್ ಸ್ಪ್ರೇ ತಗೊಳ್ಳಿ, ಅಂದ್ರೆ ಮೇಲೆ ಬರೋ ಕರಡಿಗೆ ಹೊಡೆಯೋ ಖಾರದ ಸ್ಪ್ರೇ ಡಬ್ಬಿ. ಅಲ್ಲೇ ಕೊಳ್ಳಿ, ವಿಮಾನದಲ್ಲಿ ಯಾವ ಬ್ಯಾಗಲ್ಲೂ ಬಿಡಲ್ಲ. ಬೆಲ್ಟಿಗೆ ಸಿಕ್ಕಿಸ್ಕೊಂಡು, ನುಗ್ಗಿ ಬರೋ ಕರಡಿ ಒಂಬತ್ತರಿಂದ ಹದಿನೆಂಟು ಮೀಟರ್ ದೂರದಲ್ಲಿದ್ದಾಗ ಸ್ವಲ್ಪ ತಗ್ಗಿಸಿ ಹೊಡೀರಿ, ಅದು ಆ ಖಾರದ ಮೋಡದೊಳಗೇ ನುಗ್ಬೇಕು. ಓಡೋಮಸ್ ತರ ಮೈಗೆ ಹಚ್ಕೊಳ್ಳೋದಲ್ಲ, ನಗಬೇಡಿ, ಹಾಗೆ ಮಾಡಿದ ಪುಣ್ಯಾತ್ಮರೂ ಇದಾರೆ. ಇದೆಲ್ಲಕ್ಕಿಂತ ಮೊದಲು ಗುಂಪಲ್ಲಿ, ಮಾತಾಡ್ಕೊಂಡು ನಡೀರಿ, 91 ಮೀಟರ್‌ಗಿಂತ ಹತ್ರ ಹೋಗ್ಬೇಡಿ, ಅದು ಪಾರ್ಕ್ ರೂಲ್ಸು. ವರ್ಷಗಟ್ಲೆ ಕೋವಿ ಹಿಡಿದ ನಾನೇ ಕಾಡಿಗೆ ಬರಿಗೈಲಿ ಹೋಗ್ತೀನಿ.

ಪ್ರಶ್ನೆ: ಲೈಸೆನ್ಸ್ ಕೋವಿ ಇದೆ, ನಾಗರಹೊಳೆ ಸಫಾರಿಗೆ ಜೀಪಲ್ಲಿ ಇಟ್ಕೊಳ್ಲಾ? (ಮದ್ದೂರು)

ಉತ್ತರ: ಬೇಡ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಇಲ್ದೆ ಆಯುಧ ಒಳಗೆ ಒಯ್ಯಂಗಿಲ್ಲ, ಬೆಳೆ ಕಾಯೋ ಲೈಸೆನ್ಸ್ ತೋರ್ಸಿ ವಾದ ಮಾಡ್ಬೇಡಿ.

ಪ್ರಶ್ನೆ: ಕರಡಿ ಬಂದ್ರೆ ಮರ ಹತ್ತಬಹುದಾ? (ಪಾಂಡವಪುರ)

ಉತ್ತರ: ನಮ್ಮ ಕರಡಿ ಜೇನಿಗೆ ಮರ ಹತ್ತುತ್ತೆ, ನಿಮಗಿಂತ ಚೆನ್ನಾಗಿ.

ಪ್ರಶ್ನೆ: ಕರಡಿ ಕೂದಲಿನ ತಾಯತ ಕಟ್ಕೊಂಡ್ರೆ ಹತ್ರ ಬರಲ್ವಂತೆ? (ಮೇಲುಕೋಟೆ)

ಉತ್ತರ: ಕರಡಿಗೆ ಕಣ್ಣು ಮಂದ, ನಿಮ್ಮ ತಾಯತ ಅದಕ್ಕೆ ಕಾಣಲ್ಲ. ಫಾರೆಸ್ಟ್ ಗಾರ್ಡಿಗೆ ಕಾಣುತ್ತೆ.