"ಮನಿಗಿ ಹೋಗೂಣು ನಡಿಯಪ್ಪಾ"

ವಯಸ್ಸಾದ ತಾಯಿ ಸಂಜೆಯಾದರೆ "ಮನೆಗೆ ಹೋಗೋಣ" ಅಂತಾರೆ. ಕೂತಿರುವುದು ಮನೆಯಲ್ಲೇ. ಈ ಮಾತು ಹೇಳಿಕೊಂಡು ಆಪ್ತಸಮಾಲೋಚಕಿಯಾದ ನನ್ನ ಬಳಿ ಬರುವವರು ಜಾಸ್ತಿಯಾಗಿದ್ದಾರೆ. ಒಬ್ಬರ ಕಥೆಯನ್ನು ಗುರುತು ಸಿಗದಂತೆ ಬದಲಿಸಿ ಬರೆಯುತ್ತಿದ್ದೇನೆ.

ಬಾಗಲಕೋಟೆಯ ಮುಳುಗಡೆ ಕುಟುಂಬ. ಹಳೇ ಊರಿನ ಮನೆ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿಗೆ ಹೋಯಿತು. ಈಗ ಇರುವುದು ನವನಗರದ ಒಂದು ಸೆಕ್ಟರಿನಲ್ಲಿ. ತಾಯಿಗೆ ಮರೆವಿನ ಕಾಯಿಲೆ, ಮಗನಿಗೆ 45ರ ಆಸುಪಾಸು.

"ದೀಪ ಹಚ್ಚೂ ಹೊತ್ತಾತು, ಮನಿಗಿ ಹೋಗೂಣು ನಡಿಯಪ್ಪಾ." "ಯವ್ವಾ, ಮನಿ ಮುಳುಗಿ ಹೋಗೇತಿ." ದಿನಾ ಇದೇ. ತಾಯಿ ಪ್ರತಿ ಸಲ ಈಗಷ್ಟೇ ಸುದ್ದಿ ಕೇಳಿದವರಂತೆ ಅಳುತ್ತಿದ್ದರು. "519.6 ಮೀಟರ್ ನೀರ ನಿಲ್ಲಸ್ತಾರ ಅಂತ ಲೆಕ್ಕಾನೂ ಹೇಳೀನ್ರಿ ಮೇಡಂ" ಅಂದರು ಮಗ. ಪಾಪ.

ಮೊದಲು ಡಾಕ್ಟರ ಹತ್ತಿರ ಕಳಿಸಿದೆ. ಗೊಂದಲ ದಿಢೀರನೆ ಹೆಚ್ಚಿದರೆ ಮೂತ್ರದ ಸೋಂಕೋ, ಮಾತ್ರೆಯ ತೊಂದರೆಯೋ ಇರಬಹುದು. ಅಂಥದ್ದೇನೂ ಇರಲಿಲ್ಲ.

ಮೂರನೇ ಭೇಟಿಗೆ ತಾಯಿಯೂ ಬಂದರು. ನಾನು ಕೇಳಿದ್ದು ಇಷ್ಟೇ: "ಮನಿಗಿ ಹೋದ್ರ ಯಾವ ಕಡೆಯಿಂದ ಒಳಗ ಹೋಗೂಣ್ರಿ ಅಮ್ಮಾ?" ಆಕೆ ನೆಟ್ಟಗೆ ಕೂತರು. ಕಟ್ಟೆ, ಮೂರು ಮೆಟ್ಟಿಲು, ಎಡಕ್ಕೆ ಗ್ವಾದಲಿ (ದನಕ್ಕೆ ಮೇವು ಹಾಕುವ ಜಾಗ), ಪಡಸಾಲೆ, ಒಲೆಯ ಮೇಲೆ ಬೆಳಕಿಂಡಿ. ಮಳೆ ಬಂದರೆ ಮಾಳಿಗೆ ಹತ್ತಿ ಬೆಳಕಿಂಡಿ ಮುಚ್ಚುವ ಕೆಲಸ ಯಾರದ್ದು ಅಂತ ಮಗನ ಕಡೆ ನೋಡಿದರು.

"ನಂದ" ಅಂದರು ಮಗ. ಆಮೇಲೆ ಮಾತು ಬರಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಹೇಳಿದರು. ಊರು ಬಿಡುವಾಗ ತೊಲೆ, ಬಾಗಿಲು ಕಿತ್ತು ತಂದಿದ್ದರಂತೆ. ಮುಂಬಾಗಿಲು ಹೊಸ ಚೌಕಟ್ಟಿಗೆ ಕೂಡಲಿಲ್ಲ. ಇವತ್ತಿಗೂ ಮಾಳಿಗೆ ಮೇಲೆ ತಾಡಪತ್ರಿ ಕೆಳಗೆ ಬಿದ್ದಿದೆ. ಮಾರಲೂ ಇಲ್ಲ, ತೆಗೆದು ನೋಡಲೂ ಇಲ್ಲ. ಅವ್ವನನ್ನು ತಿದ್ದುವ ಆತುರ ಎಲ್ಲಿಂದ ಬಂತು ಅಂತ ನನಗೆ ಆಗ ಗೊತ್ತಾಯಿತು. ಪರಿಹಾರ, ಸೈಟು, ಕಟ್ಟಡ ಅಂತ ಓಡಾಡುವಾಗ 20ರ ಹುಡುಗನಿಗೆ ಅಳಲು ಪುರುಸೊತ್ತೆಲ್ಲಿ?

ಮುಳುಗಿದ ಸುದ್ದಿ ಇನ್ನು ಹೇಳಬೇಡಿ ಅಂದೆ. ಮನೆಯ ಬಗ್ಗೆ ಕೇಳಿ. ಹಸಿವೋ, ಬಚ್ಚಲಿಗೆ ಹೋಗಬೇಕೋ, ಮೈನೋವೋ ನೋಡಿ. "ಮನೆ" ಅಂದಾಗ ಎಷ್ಟೋ ಸಲ ಬೇಕಿರುವುದು ಅದೇ. ಕತ್ತಲಾಗುವ ಮುಂಚೆ ಲೈಟು ಹಾಕಿ. ದೇವರ ದೀಪ ಅವರ ಕೈಯಲ್ಲೇ ಹಚ್ಚಿಸಿ, ನೀವು ಪಕ್ಕದಲ್ಲೇ ಇರಿ.

"ಇದು ಸುಳ್ಳಾಟ ಅಲ್ವಾ?" ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. "ನಾಳೆ ಕರೆದೊಯ್ಯುತ್ತೇನೆ" ಅಂತ ಮಾತ್ರ ಹೇಳಬೇಡಿ ಎಂದೂ ನಾನು ಮಗನಿಗೆ ಎಚ್ಚರಿಸಿದ್ದೆ. ನೆನಪಲ್ಲಿ ನಿಲ್ಲದ ಸತ್ಯವನ್ನು ದಿನಾ ಹೇಳಿ ದಿನಾ ಅವರು ಅಳುವಂತೆ ಮಾಡುವುದು ಎಂಥ ಪ್ರಾಮಾಣಿಕತೆ? ಅಣೆಕಟ್ಟೆಯಲ್ಲಿ ನೀರು ನಿಲ್ಲಿಸುವ ಮಟ್ಟವನ್ನು ಸಮುದ್ರಮಟ್ಟದಿಂದ 524.256 ಮೀಟರಿಗೆ ಏರಿಸುವ ಯೋಜನೆ ಇದೆ; ಆಗ ಇನ್ನಷ್ಟು ಊರುಗಳು ಮುಳುಗುತ್ತವೆ. ಈ ಪ್ರಶ್ನೆ ಇನ್ನೂ ಎಷ್ಟು ಮನೆಗಳಿಗೆ ಬರಲಿದೆಯೋ.

ತಿಂಗಳ ಮೇಲೆ ಮಗ ಫೋನ್ ಮಾಡಿದ್ದರು. "ಮನಿಗಿ ಹೋಗೂಣು" ನಿಂತಿಲ್ಲ, ಅಳು ಕಡಿಮೆಯಾಗಿದೆ. ತಾಡಪತ್ರಿ ತೆಗೆದು ಬಾಗಿಲನ್ನು ಕೆಳಗಿಳಿಸಿ ಗೋಡೆಗೆ ಒರಗಿಸಿದ್ದಾರೆ. ಅವ್ವ ಅದರ ಮೇಲೆ ಕೈಯಾಡಿಸಿ ಅಂದರಂತೆ: "ಇದ ಹಿತ್ತಲ ಬಾಗಲಾ. ಮುಂದಿನದೆಲ್ಲಿ ಬಿಟ್ಟು ಬಂದಿ?"