ಮಂತ್ರಿಯಾಗದ ಶಾಸಕರನ್ನು ಯಾಕೆ ನೆನೆಯುತ್ತಾರೆ?

ಸಮಾಜವಾದಿ ಶಾಸಕ ಶಾಂತವೇರಿ ಗೋಪಾಲಗೌಡರು ಒಮ್ಮೆಯೂ ಮಂತ್ರಿಯಾಗಲಿಲ್ಲ, ಆದರೂ ಮಲೆನಾಡಿನಲ್ಲಿ ಅವರ ಹೆಸರು ಇಷ್ಟು ಯಾಕೆ, ಕಾಗೋಡು ಚಳವಳಿ ಅವರೇ ಶುರು ಮಾಡಿದ್ದಾ ಎಂದು ಕೇಳಿದ್ದೀರಿ.

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಶುರು ಮಾಡಿದವರು ಅವರಲ್ಲ. ಸಾಗರದ ಹತ್ತಿರದ ಕಾಗೋಡಿನಲ್ಲಿ 1951ರಲ್ಲಿ ಎದ್ದು ನಿಂತವರು ದೀವರ ಸಮುದಾಯದ ಗೇಣಿದಾರರು. ಅವರನ್ನು ಸಂಘಟಿಸಿದ್ದು ಎಚ್. ಗಣಪತಿಯಪ್ಪ. ಗೇಣಿ ಭತ್ತ ಅಳೆಯುವ ಧಣಿಗಳ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದು ಎಂಬುದೇ ಜಗಳದ ಮೂಲ. ವರ್ಷವಿಡೀ ಕೆಸರಲ್ಲಿ ದುಡಿದವನ ಭತ್ತ ಅಳತೆಯಲ್ಲೇ ಹೋಗುತ್ತಿತ್ತು, ಯೋಚಿಸಿ ನೋಡಿ. ಗೋಪಾಲಗೌಡರೂ ಸಮಾಜವಾದಿ ಪಕ್ಷವೂ ಜೊತೆಗೆ ನಿಂತ ಮೇಲೆ ಅದು ಊರಿನ ತಕರಾರಾಗಿ ಉಳಿಯಲಿಲ್ಲ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು.

ಇನ್ನು ಮೊದಲನೆಯದು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಬಡ ಮನೆಯ ಹುಡುಗ, 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡವರು, 1952ರಲ್ಲಿ ಮೂವತ್ತು ತುಂಬುವ ಮೊದಲೇ ಶಾಸಕರಾದರು. 1957ರಲ್ಲಿ ಸೋತರು, 1962, 1967ರಲ್ಲಿ ಮತ್ತೆ ಗೆದ್ದರು. ಇಷ್ಟೂ ಕಾಲ ವಿರೋಧ ಪಕ್ಷದಲ್ಲೇ ಇದ್ದರು. ಅಲ್ಲಿಂದಲೇ ಉಳುವವನಿಗೆ ಹೊಲ, ಆಡಳಿತದಲ್ಲಿ ಕನ್ನಡ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಎಂದು ಹಿಡಿದ ಪಟ್ಟು ಬಿಡಲಿಲ್ಲ.

ನನಗೆ ಸಂಕಟ ಆಗುವುದು ಇಲ್ಲಿ: 1972ರಲ್ಲಿ 49ನೇ ವಯಸ್ಸಿಗೇ ಅವರು ತೀರಿಕೊಂಡರು. ರಾಜ್ಯದ ಹೆಸರು ಬದಲಾದದ್ದು 1973ರ ನವೆಂಬರ್ 1ಕ್ಕೆ. ಗೇಣಿದಾರನಿಗೆ ಭೂಮಿ ಕೊಡುವ ತಿದ್ದುಪಡಿ ಮುಖ್ಯಮಂತ್ರಿ ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್‌ನಿಂದ ಜಾರಿಗೆ ಬಂತು. ಎರಡನ್ನೂ ಅವರು ಕಣ್ಣಾರೆ ಕಾಣಲಿಲ್ಲ.