ಪ್ರತಿಕ್ರಿಯೆ: ರೇಗಿದ ಮೇಲೆ ನಿಮ್ಮನ್ನೇ ಬೈದುಕೊಳ್ಳಬೇಡಿ

ರೇಷ್ಮೆ ಹುಳು ಸಾಕುವ ಮನೆಯ ಕೆಲಸದ ನಡುವೆ ಮಗನ ಮೇಲೆ ರೇಗಿ, ಆಮೇಲೆ ರಾತ್ರಿಯೆಲ್ಲ ನಿಮ್ಮನ್ನೇ ಬೈದುಕೊಳ್ಳುತ್ತೀರಿ, ತಾಳ್ಮೆ ಕಲಿಯುವುದು ಹೇಗೆ ಅಂತ ಶಿಡ್ಲಘಟ್ಟದಿಂದ ಕೇಳಿದ್ದೀರಿ.

ತಾಳ್ಮೆ ನಿಮಗೆ ಆಗಲೇ ಗೊತ್ತು ಅಕ್ಕ. ರೇಷ್ಮೆ ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ಪೊರೆ ಬಿಡಲು ಮೇವು ಬಿಟ್ಟು ಸುಮ್ಮನಾಗುತ್ತದೆ. ಆಗ ಸೊಪ್ಪು ಹಾಕದೆ, ಮುಟ್ಟದೆ ಕಾಯುತ್ತೀರಿ, ಸೋಮಾರಿ ಅಂತ ಅದನ್ನು ಬೈಯುವುದಿಲ್ಲ. ದಣಿದ ನಿಮಗೂ ಅಷ್ಟು ಬಿಡುವು ಕೊಡಿ.

ಸ್ವಾನುಕಂಪದ, ಅಂದರೆ ತನ್ನ ಮೇಲೆ ತಾನೇ ಕರುಣೆ ತೋರುವುದರ ಬಗ್ಗೆ 2003ರಲ್ಲಿ ಬರೆದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ ಮೂರು ಅಂಶ ಗುರುತಿಸಿದರು: ತನ್ನ ಮೇಲೆ ದಯೆ, ಇದು ಎಲ್ಲರಿಗೂ ಆಗುವುದೇ ಎಂಬ ಅರಿವು, ನೋವನ್ನು ದೊಡ್ಡದು ಮಾಡದೆ ನೋಡುವುದು. ನನಗೆ ಎರಡನೆಯದೇ ಮುಖ್ಯ ಅನಿಸುತ್ತದೆ. ಹುಳು ಹಣ್ಣಾಗಿ ಗೂಡು ಕಟ್ಟಲು ತೊಡಗುವ ವಾರ ನಿಮ್ಮ ಬೀದಿಯ ಯಾವ ಮನೆಯಲ್ಲಿ ಕೂಗಾಟವಿಲ್ಲ ಹೇಳಿ?

ಆ ವಾರ ಅಡುಗೆಗೆ ಮುದ್ದೆ, ಹುಣಸೆ ಗೊಜ್ಜು ಸಾಕು. ಮಗನಿಗೆ ಅವತ್ತೇ "ಕೂಗಬಾರದಿತ್ತು ಕಂದ" ಅನ್ನಿ, ಮಲಗಿ.